ರಾಯನಿಲ್ಲದ ರಾಯಭಾರ: ಸಾಂಗಲಿ-ಮಿರಜದ ಸಂಗೀತ ವಿನಿಮಯದ ಕುರಿತು ಕೆಲವು ತಕರಾರುಗಳು

ಈ ಗೋಷ್ಠಿಯ ವಿಷಯ ‘ಸಾಂಸ್ಕೃತಿಕ ರಾಯಭಾರವಾಗಿ ಶಾಸ್ತ್ರೀಯ ಸಂಗೀತ’. ನನಗೆ ‘ರಾಯಭಾರ’ ಅನ್ನೋ ಪದದ ಮೇಲೇ ತಕರಾರಿದೆ. ಆ ಪದ ಬಂದ ಕೂಡಲೇ ಕಳಿಸುವ ಒಬ್ಬ ರಾಯ, ಬರಮಾಡಿಕೊಳ್ಳುವ ಇನ್ನೊಬ್ಬ ರಾಯ ಬೇಕಾಗ್ತಾರೆ. 1950ರಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಸ್ಥಾಪನೆಯಾದ ಮೇಲಂತೂ ಸಂಗೀತಗಾರರ ಓಡಾಟವನ್ನು ಹೀಗೆಯೇ ನೋಡುವುದು ರೂಢಿಯಾಗಿದೆ. ಸಾಂಗಲಿ-ಮಿರಜದ ಚರಿತ್ರೆ ಈ ಚೌಕಟ್ಟಿಗೆ ಅರ್ಧ ಮಾತ್ರ ಹೊಂದುತ್ತದೆ.

ಹೊಂದುವ ಅರ್ಧ ಮೊದಲು. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗಲಿ ಸಂಸ್ಥಾನದಲ್ಲಿ ಆಟ ಆಡಿತು. ಅರಸ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದ್ದು ಆಗಲಿ ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮುಂದೆ ಹಾಡಿನಿಂದ ತುಂಬಿದ ಮರಾಠಿ ನಾಟಕಗಳೇ ಧಾರವಾಡ, ಗದಗಕ್ಕೆ ಬಂದವು. ಅವುಗಳ ಅಬ್ಬರಕ್ಕೆ ಎದುರಾಗಿ ಶಾಂತಕವಿಗಳು 1870ರ ದಶಕದಲ್ಲಿ ಗದಗದಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಅಂದರೆ ವಿನಿಮಯ ಯಾವಾಗಲೂ ಸ್ನೇಹವೇ ಆಗಿರಬೇಕಿಲ್ಲ. ಅದು ಯಜಮಾನಿಕೆಯೂ ಆಗಬಹುದು.

ಹೊಂದದ ಅರ್ಧ ಅಬ್ದುಲ್ ಕರೀಮ್ ಖಾನ್ (1872–1937) ಅವರದು. ಉತ್ತರದ ಕೈರಾಣಾದವರು ಮಿರಜಕ್ಕೆ ಬಂದು ನೆಲೆಸಿದ್ದು ಯಾವ ದೊರೆಯ ನಿರೂಪದಿಂದಲೂ ಅಲ್ಲ. ಕಾಯಿಲೆ ಬಿದ್ದವರು ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಗುಣವಾದರು ಅಂತ ಮಿರಜದಲ್ಲಿ ಈಗಲೂ ಹೇಳ್ತಾರೆ. ಮೈಸೂರು ಅರಮನೆಯ ಕರೆ ಬಂದದ್ದು ನಿಜ. ಆದರೆ ಫಲ ಸಿಕ್ಕಿದ್ದು ದಾರಿಯಲ್ಲಿ: ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಯನ್ನು ಪೋಣಿಸಿದ ರೈಲು ಹಾದಿಯಲ್ಲಿ. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಸವಾಯಿ ಗಂಧರ್ವರಲ್ಲಿ ಕಲಿತರು. ಇತ್ತ ಖಾನ್‌ಸಾಹೇಬರೂ ದಕ್ಷಿಣದ ಸ್ವರಪ್ರಸ್ತಾರವನ್ನು ಕಿವಿಗೊಟ್ಟು ಕೇಳಿ, ತ್ಯಾಗರಾಜರ ಕೃತಿಯೊಂದನ್ನು ಧ್ವನಿಮುದ್ರಿಸಿದರು. ಇಲ್ಲಿ ಕೊಟ್ಟವರು ಯಾರು, ಪಡೆದವರು ಯಾರು ಅಂತ ಗೆರೆ ಎಳೆಯೋಕೆ ಆಗಲ್ಲ.

ನಮ್ಮ ಕನ್ನಡದ ಬರಹಗಳು ಈ ಪರಂಪರೆಯನ್ನು ‘ನಮ್ಮ ಹೆಮ್ಮೆ’ ಅಂತ ಧಾರವಾಡದಿಂದ ಶುರುಮಾಡುತ್ತವೆ. 1956ರ ಗಡಿಯನ್ನು ಅದಕ್ಕಿಂತ ಹಿಂದಿನ ಕಾಲದ ಮೇಲೂ ಎಳೆದುಬಿಡುತ್ತೇವೆ. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಆಳುತ್ತಿದ್ದವರೂ ಪಟವರ್ಧನರೇ, ಸಾಂಗಲಿ-ಮಿರಜದಂತೆ.

ಇನ್ನೊಂದು ಮರೆವು ಇದಕ್ಕಿಂತ ದೊಡ್ಡದು. ಹಾಡುವವರ ಬೆನ್ನಿಗೆ ನಿಂತ ತಂಬೂರಿ ಎಲ್ಲಿಯದು? ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಮಿರಜದಲ್ಲಿ ಈ ಕಸುಬು ಹಾಕಿದರು. ಪಂಢರಪುರದ ಕಡೆಯ ಸೋರೆಬುರುಡೆ, ತೂನ್ ಮರ, ಕೊನೆಗೆ ತಂತಿಯ ನಾದ ತೆರೆಸುವ ಜವಾರಿ: ಇಷ್ಟೂ ಕೈಯ ಕೆಲಸ, ಕಿವಿಯ ಕೆಲಸ. ಕಛೇರಿಯ ವಿಮರ್ಶೆಯಲ್ಲಿ ಗಾಯಕರು, ಸಾಥಿದಾರರು ಬರ್ತಾರೆ. ಜವಾರಿ ಮಾಡಿದವರು ಬರೋದಿಲ್ಲ. 2024ರಲ್ಲಿ ಮಿರಜದ ಸಿತಾರ್, ತಂಬೂರಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಸಂತೋಷವೇ. ಆದರೆ ಅದು ಊರಿನ ಹೆಸರನ್ನು ಕಾಯುತ್ತದೆ, ವಿಮರ್ಶೆಯ ಕೆಲಸ ಮಾಡೋದಿಲ್ಲ. ಆ ಕೆಲಸ ನಮ್ಮದು.

ಹಾಗಾಗಿ ನನ್ನ ಸೂಚನೆ ಇಷ್ಟೇ: ಸಂಗೀತ ವಿನಿಮಯದ ಚರಿತ್ರೆ ಬರೆಯುವಾಗ ಆಹ್ವಾನಪತ್ರ ಯಾರದು ಅಂತ ಕೇಳೋಣ, ತಂಬೂರಿ ಯಾರದು ಅಂತಲೂ ಕೇಳೋಣ.