ಹಳೆಯ ಚಲಚ್ಚಿತ್ರ ಕ್ಯಾಮೆರಾಗಳ ಸಂಗ್ರಹ: ಒಂದು ವಿಮರ್ಶೆ

ಶಾಸನವೊಂದನ್ನು ಓದಹೊರಟವನು ಅದು ದೊರೆತ ಸ್ಥಳವನ್ನೂ ಬರೆಯಿಸಿದವನ ಉದ್ದೇಶವನ್ನೂ ವಿಚಾರಿಸದೆ ಮುಂದುವರಿಯುವುದಿಲ್ಲ. ಹಳೆಯ ಚಲಚ್ಚಿತ್ರ ಕ್ಯಾಮೆರಾಗಳ ಸಂಗ್ರಹವನ್ನು ನೋಡುವಾಗ ಮಾತ್ರ ಈ ಎಚ್ಚರ ನಮ್ಮನ್ನು ಬಿಟ್ಟುಹೋಗುತ್ತದೆ. ಮರದ ಪೆಟ್ಟಿಗೆ, ಹಿತ್ತಾಳೆಯ ಕಟ್ಟು, ಕೈಯಿಂದ ತಿರುಗಿಸುವ ಹಿಡಿ ಇವುಗಳ ಚೆಲುವಿಗೆ ಮನಸೋತು, ಸಂಗ್ರಾಹಕನು ಹೇಳಿದುದನ್ನೇ ಇತಿಹಾಸವೆಂದು ಒಪ್ಪಿಕೊಳ್ಳುತ್ತೇವೆ.

ಲಂಡನ್ನಿನ ವಿಲ್ ಡೇ ಎಂಬವನ ಸಂಗ್ರಹ ಇದಕ್ಕೆ ನಿದರ್ಶನ. ಚಲಚ್ಚಿತ್ರೋಪಕರಣಗಳ ವ್ಯಾಪಾರಿಯಾಗಿದ್ದ ಈತನು ಕೂಡಿಹಾಕಿದ ಯಂತ್ರಗಳು 1920ರ ದಶಕದಲ್ಲಿ ಅಲ್ಲಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾದುವು. ಡೇ 1936ರಲ್ಲಿ ತೀರಿಕೊಂಡನು. 1959ರಲ್ಲಿ ಫ್ರೆಂಚ್ ಸರ್ಕಾರ ಸಂಗ್ರಹವನ್ನು ಕೊಂಡು ಪ್ಯಾರಿಸಿನ ಸಿನೆಮಾಟೆಕ್ ಫ್ರಾನ್ಸೇಸ್‌ಗೆ ಒಪ್ಪಿಸಿತು. ಅವನ ಉಪಕಾರ ಸಣ್ಣದಲ್ಲ. ಆದರೆ ಅವನ ಮನಸ್ಸಿನಲ್ಲಿ ಒಂದು ತೀರ್ಪು ಸಿದ್ಧವಾಗಿತ್ತು: ಚಲಚ್ಚಿತ್ರದ ಜನಕನು ಆಂಗ್ಲನಾದ ವಿಲಿಯಂ ಫ್ರೀಸ್-ಗ್ರೀನ್. ಈತನು 1889ರಲ್ಲಿ ಮಾರ್ಟಿಮರ್ ಎವನ್ಸ್‌ನೊಡನೆ ಕ್ಯಾಮೆರಾ ಒಂದಕ್ಕೆ ಪೇಟೆಂಟು ಪಡೆದುದು ನಿಜ. ಪೇಟೆಂಟು ಪಡೆಯುವುದು ಬೇರೆ. ಚಲನೆ ತೋರುವಷ್ಟು ವೇಗದಲ್ಲಿ ಚಿತ್ರಗಳನ್ನು ತೆಗೆದು ತೆರೆಯ ಮೇಲೆ ಮೂಡಿಸುವುದು ಬೇರೆ. ಗಾಜಿನ ಬೀರುವಿನಲ್ಲಿಟ್ಟ ಯಂತ್ರದಲ್ಲಿ ಈ ಅಂತರ ಕಾಣುವುದಿಲ್ಲ. 1951ರ ‘ದಿ ಮ್ಯಾಜಿಕ್ ಬಾಕ್ಸ್’ ಚಿತ್ರ ಈ ಕಥೆಯನ್ನು ಜನಮನದಲ್ಲಿ ಇನ್ನಷ್ಟು ಬೇರೂರಿಸಿತು. ಮುಂದೆ ಬ್ರಯನ್ ಕೋ ದಾಖಲೆಗಳನ್ನು ಪರೀಕ್ಷಿಸಿ ಅದನ್ನು ಬಹುಮಟ್ಟಿಗೆ ಅಲ್ಲಗಳೆದನು. ಆ ನಿರ್ಣಯವೂ ತೀರ ಕಠಿನವಾಯಿತೆಂಬ ಮಾತು ಈಚೆಗೆ ಕೇಳಿಬರುತ್ತಿದೆ.

ಇದಕ್ಕೆ ಎದುರಾಗಿ ಲೂಯಿ ಲೆ ಪ್ರಿನ್ಸ್‌ನ 1888ರ ಒಂದೇ ಮಸೂರದ ಕ್ಯಾಮೆರಾವನ್ನು ಇಡಬಹುದು. 1930ರಲ್ಲಿ ಅವನ ಮಗಳು ಅದನ್ನು ಅದೇ ವಸ್ತುಸಂಗ್ರಹಾಲಯಕ್ಕೆ ಕೊಟ್ಟಳು. ಈಗ ಅದು ಬ್ರಾಡ್‌ಫರ್ಡಿನಲ್ಲಿದೆ. ಅದರಿಂದ ತೆಗೆದ ಚಿತ್ರಗಳ ಪ್ರತಿಗಳೂ ಉಳಿದಿವೆಯೆಂಬುದೇ ಇಲ್ಲಿಯ ವಿಶೇಷ. ಲೀಡ್ಸಿನ ರೌಂಡ್‌ಹೇಯಲ್ಲಿ ಮನೆಯೊಂದರ ತೋಟದಲ್ಲಿ ನಾಲ್ವರು ಅಡ್ಡಾಡುವ ಕ್ಷಣಮಾತ್ರದ ದೃಶ್ಯ ಅವುಗಳಲ್ಲೊಂದು. ಆ ನಾಲ್ವರಲ್ಲಿ ಒಬ್ಬಳು ಲೆ ಪ್ರಿನ್ಸ್‌ನ ಅತ್ತೆ ಸಾರಾ ವಿಟ್ಲಿ. ಅವಳು ತೀರಿಕೊಂಡುದು 1888ರ ಅಕ್ಟೋಬರ್ 24ರಂದು. ಚಿತ್ರವು ಅದಕ್ಕೆ ಹಿಂದಿನದೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಾಲನಿರ್ಣಯ ಮಾಡಿಕೊಟ್ಟುದು ಕ್ಯಾಮೆರಾ ಅಲ್ಲ, ಮುದುಕಿಯೊಬ್ಬಳ ಮರಣದ ದಾಖಲೆ!

ಹೊಸದರಂತೆ ಹೊಳೆಯಿಸಬೇಕೆಂಬ ಹಂಬಲವಂತೂ ಸಾಕ್ಷ್ಯನಾಶವೇ ಸರಿ. ಲ್ಯೂಮಿಯೇರ್ ಸೋದರರ 1895ರ ಯಂತ್ರಕ್ಕೆ ಬೇಕಾದ ಫಿಲ್ಮಿನಲ್ಲಿ ಪ್ರತಿ ಚಿತ್ರಕ್ಕೆ ಎರಡು ಅಂಚಿನಲ್ಲೂ ಒಂದೊಂದು ದುಂಡು ರಂಧ್ರ. ಎಡಿಸನ್ನನದರಲ್ಲಿ ನಾಲ್ಕು ನಾಲ್ಕು. ಯಂತ್ರವೊಂದನ್ನು ಯಾವ ಫಿಲ್ಮಿಗಾಗಿ ಮಾಡಿದರು, ಮುಂದೆ ಯಾವುದಕ್ಕೆ ಹೊಂದಿಸಿದರು ಎಂಬುದನ್ನು ತಿಳಿಯಲು ಫಿಲ್ಮನ್ನು ಎಳೆಯುವ ಮುಳ್ಳುಗಳನ್ನೂ ಅವುಗಳ ಸವೆತವನ್ನೂ ನೋಡಬೇಕು. ಸಂಗ್ರಾಹಕನು ಬದಲಾಯಿಸುವುದು ಸವೆದ ಭಾಗವನ್ನೇ.

ಕ್ಯಾಮೆರಾದ ಜೊತೆಗಿದ್ದ ಸಲಕರಣೆಗಳ ಗತಿ ಇನ್ನೂ ಶೋಚನೀಯ. ಫಾಲ್ಕೆಯವರು 1912ರಲ್ಲಿ ಲಂಡನ್ನಿನಿಂದ ತಂದುದು ವಿಲಿಯಂಸನ್ ಕ್ಯಾಮೆರಾವನ್ನು ಮಾತ್ರವಲ್ಲ, ಫಿಲ್ಮಿನ ಅಂಚಿಗೆ ರಂಧ್ರ ಕೊರೆಯುವ ಯಂತ್ರವನ್ನೂ ಕೂಡ. ಆಗ ಕಚ್ಚಾ ಫಿಲ್ಮು ರಂಧ್ರಗಳಿಲ್ಲದೆಯೇ ಬರುತ್ತಿತ್ತು. ಬೀರುವಿನಲ್ಲಿಡಲು ಇಂಥ ಯಂತ್ರವನ್ನು ಯಾರೂ ಅರಸುವುದಿಲ್ಲ. ಅದಿಲ್ಲದಿದ್ದರೆ 1913ರ ‘ರಾಜಾ ಹರಿಶ್ಚಂದ್ರ’ದ ಒಂದು ಅಡಿ ಫಿಲ್ಮೂ ಆ ಕ್ಯಾಮೆರಾದೊಳಗೆ ಸರಿಯುತ್ತಿರಲಿಲ್ಲ.