ರಾಶಿಯ ತಿಂಗಳಲ್ಲಿ ಕೆಟಲ್‌ಬೆಲ್

ಕೆಟಲ್‌ಬೆಲ್ ತರಬೇತುದಾರ ಪಾವೆಲ್ ತ್ಸಾತ್ಸೂಲಿನ್ 2013ರಲ್ಲಿ ಪ್ರಕಟಿಸಿದ ‘ಸಿಂಪಲ್ ಆ್ಯಂಡ್ ಸಿನಿಸ್ಟರ್’ ಎಂಬ ಕೈಪಿಡಿಯು, ಹಿಡಿಯುಳ್ಳ ಕಬ್ಬಿಣದ ಗುಂಡಾದ ಕೆಟಲ್‌ಬೆಲ್ಲಿನ ಅಭ್ಯಾಸವನ್ನು ಎರಡೇ ವರಸೆಗಳಿಗೆ ಇಳಿಸಿತು. ಮೊದಲನೆಯದು ಸ್ವಿಂಗ್, ಅಂದರೆ ಬೆನ್ನನ್ನು ನೆಟ್ಟಗಿಟ್ಟು ಸೊಂಟದಲ್ಲಿ ಬಾಗಿ, ಗುಂಡನ್ನು ಕಾಲುಗಳ ನಡುವಿನಿಂದ ಎದೆಮಟ್ಟಕ್ಕೆ ಬೀಸುವುದು. ಎರಡನೆಯದು ಗೆಟ್‌ಅಪ್, ಅಂದರೆ ಅಂಗಾತ ಮಲಗಿ, ಒಂದು ತೋಳಿನಲ್ಲಿ ಗುಂಡನ್ನು ಮೇಲೆತ್ತಿ ಹಿಡಿದುಕೊಂಡೇ ಹಂತಹಂತವಾಗಿ ಎದ್ದು ನಿಂತು ಮತ್ತೆ ಮಲಗುವುದು. ನೂರು ಸ್ವಿಂಗ್, ಹತ್ತು ಗೆಟ್‌ಅಪ್, ಹೆಚ್ಚುಕಡಿಮೆ ಪ್ರತಿದಿನ: ಬಿಡುವಿಲ್ಲದವನಿಗೂ ಇಷ್ಟು ಸಾಧ್ಯವೆಂಬುದು ಗ್ರಂಥದ ಭರವಸೆ. ಅಭ್ಯಾಸವು ದೇಹದ ಕಸುವನ್ನು ಬರಿದುಮಾಡದೆ ಕೂಡಿಡಬೇಕು, ಒಂದು ಸುತ್ತು ಮುಗಿದ ಮೇಲೆ ಮಾತಾಡುವಷ್ಟು ಉಸಿರು ಮರಳಿದ ಬಳಿಕವೇ ಮುಂದಿನ ಸುತ್ತಿಗೆ ಕೈಹಾಕಬೇಕು ಎಂಬ ಅದರ ವಿವೇಕ ಮೆಚ್ಚತಕ್ಕದ್ದು. ಆದರೆ ಈ ಲೆಕ್ಕದ ಹಿಂದೆ ಹಗಲೆಲ್ಲ ಕುರ್ಚಿಯಲ್ಲಿ ಕೂತಿದ್ದ ದೇಹವೊಂದು ಮೌನವಾಗಿ ನಿಂತಿದೆ; ಬಸವನ ಬಾಗೇವಾಡಿ ಸೀಮೆಯ ಇಂಗಳೇಶ್ವರದಂಥ ಒಣಬೇಸಾಯದ ಊರಿನಲ್ಲಿ ಅಂಥ ದೇಹ ಸಿಗುವುದು ಅಪರೂಪ.

ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳಗಳ ಸೀಮೆಗೆ ಭಾರ ಎತ್ತುವುದು ಹೊಸದಲ್ಲ. ಗರಡಿಮನೆಯ ಸಾಮು, ಜಾತ್ರೆಯ ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಉಸುಕಿನ ಚೀಲ ಇವೆಲ್ಲ ಇಲ್ಲಿನ ಪೈಲ್ವಾನರ ಸೊತ್ತು. ರಷ್ಯಾದ ಗುಂಡಾದ ಕೆಟಲ್‌ಬೆಲ್ಲಿಗೂ ಮೂಲತಃ ಇಂಥದೇ ಸಂಸಾರವಿತ್ತು: ಅದು ಸಂತೆಯಲ್ಲಿ ಧಾನ್ಯ ತೂಗುತ್ತಿದ್ದ ತೂಕದ ಕಲ್ಲು, ಸುಮಾರು 16.4 ಕಿಲೋ ತೂಗುವ ‘ಪೂಡ್’ ಅದರ ಅಳತೆ, ಇಂದಿನ 16, 24, 32 ಕಿಲೋಗಳ ಗುಂಡುಗಳು ಆ ಅಳತೆಯ ಸಂತಾನ. ವ್ಯತ್ಯಾಸವಿರುವುದು ಭಾರವನ್ನು ಏರಿಸುವ ಬಗೆಯಲ್ಲಿ. ಗುಂಡುಕಲ್ಲಿಗೆ ಹಿಡಿಯಿಲ್ಲ, ಅದರ ತೂಕ ಒಂದೇ. ಎತ್ತಿದರೆ ಎತ್ತಿದ ಹಾಗೆ, ಇಲ್ಲವಾದರೆ ಇಲ್ಲ. ಬುಡ ಗಟ್ಟಿಯಾಗದೆಯೇ ಜಾತ್ರೆಯ ಕೇಕೆಗೆ ಮೈಮರೆತು ಕಲ್ಲಿಗೆ ತೆಕ್ಕೆ ಹಾಕುವ ಹುಡುಗನ ಸೊಂಟ ಉಳುಕುವುದಕ್ಕೆ ಈ ಏರುಮೆಟ್ಟಿಲಿಲ್ಲದ ಪದ್ಧತಿಯೂ ಹೊಣೆ. ಕೆಟಲ್‌ಬೆಲ್ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತದೆ. ಗರಡಿ ಬಹುಮಟ್ಟಿಗೆ ಗಂಡಸರ ಮನೆಯಾಗಿಯೇ ಉಳಿಯಿತು, ಕೆಟಲ್‌ಬೆಲ್ಲಿಗೆ ಆ ಹೊಸ್ತಿಲಿಲ್ಲ ಎಂಬುದೂ ಸಣ್ಣ ಮಾತಲ್ಲ.

ಚೇತರಿಕೆಯ ವಿಷಯಕ್ಕೆ ಬಂದಾಗ ಮಾತ್ರ ತಕ್ಕಡಿ ಗರಡಿಯ ಕಡೆಗೆ ವಾಲುತ್ತದೆ. ಚೇತರಿಕೆಯೆಂದರೆ ಬರಿಯ ವಿಶ್ರಾಂತಿಯಲ್ಲ. ದುಡಿತದಿಂದ ಸವೆದ ಸ್ನಾಯು ನಿದ್ದೆ ಮತ್ತು ಆಹಾರದ ಬಲದಿಂದ ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುವ ಕ್ರಿಯೆ ಅದು. ಒಗ್ಗದ ಕೆಲಸದ ನೋವು ಒಂದರಿಂದ ಮೂರು ದಿನಗಳೊಳಗೆ ತುತ್ತತುದಿ ಮುಟ್ಟಿ ಇಳಿಯುತ್ತದೆ, ಆದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು ಸ್ನಾಯುವಿಗಿಂತ ನಿಧಾನವಾಗಿ ಬಲಿಯುತ್ತದೆ. ಗರಡಿಯಲ್ಲಿ ಖುರಾಕು, ಅಂದರೆ ಪೈಲ್ವಾನನ ಊಟ, ಸಾಮಿನಷ್ಟೇ ಮುಖ್ಯವಾಗಿತ್ತು. ಯಾರು ಎಂದು ಎಷ್ಟು ಸಪಾಟಿ ಎಂಬ ಕಸರತ್ತು ಹೊಡೆಯಬೇಕೆಂಬುದನ್ನು ಮೈಬಣ್ಣ ನೋಡಿ ವಸ್ತಾದ, ಅಂದರೆ ಗರಡಿಯ ಗುರು, ಹೇಳುತ್ತಿದ್ದ. ಮುದ್ರಿತ ಕಾರ್ಯಕ್ರಮಕ್ಕೆ ಆ ಕಣ್ಣಿಲ್ಲ. ಬಿಡುವು ಬೇಕೆನಿಸಿದರೆ ಒಂದು ದಿನ ಬಿಡಬಹುದೆಂಬ ಸಲಹೆಯಷ್ಟೇ ಅದರಿಂದ ಸಾಧ್ಯ, ಹೊಲದ ಕೆಲಸವಾದರೋ ಒಂದು ದಿನದ್ದಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹೊಲದ ದುಡಿಮೆಯೂ ಸ್ವಿಂಗ್ ಕೂಡ ಬಹುಪಾಲು ಒಂದೇ ಅಂಗಗಳನ್ನು ಕೇಳುತ್ತವೆ. ಕಳೆ ತೆಗೆಯುವ ಹೆಣ್ಣುಮಗಳು ದಿನವಿಡೀ ಸೊಂಟ ಬಾಗಿಸಿಯೇ ಇರುತ್ತಾಳೆ. ಜೋಳ ಕೀಳುವಾಗ ಹಿಡಿತ, ಮುಂಗೈ, ಕೆಳಬೆನ್ನು ಮೂರೂ ಒಟ್ಟಿಗೆ ಸೋಲುತ್ತವೆ. ಚೀಲ ಹೇರುವ ಹಮಾಲನ ಮೊಣಕಾಲಿಗೆ ಬೇರೆ ಪರೀಕ್ಷೆ ಬೇಕಿಲ್ಲ. ಇಂಥವರಿಗೆ ಸಂಜೆ ನೂರು ಸ್ವಿಂಗ್ ಹೇಳುವುದು ವ್ಯಾಯಾಮವಲ್ಲ, ಅದೇ ಕೂಲಿಯ ಇನ್ನೊಂದು ಪಾಳಿ. ಅವರಿಗೆ ಹೊಲ ಕೊಡದಿರುವುದು ತಲೆಯ ಮೇಲಕ್ಕೆ ಭಾರ ಒತ್ತುವ ಮತ್ತು ಭುಜವನ್ನು ಎಲ್ಲ ಕೋನಗಳಲ್ಲೂ ಸ್ಥಿರವಾಗಿ ಹಿಡಿಯುವ ಬಲ. ಆದ್ದರಿಂದ ದುಡಿತ ಬಿಗಿಯಾದ ತಿಂಗಳುಗಳಲ್ಲಿ ಹಗುರ ಗುಂಡಿನ ಗೆಟ್‌ಅಪ್ ಒಂದನ್ನೇ ವಾರಕ್ಕೆರಡು ಬಾರಿ ಉಳಿಸಿಕೊಂಡು, ಸ್ವಿಂಗನ್ನು ಪೂರ್ತಿ ಬಿಡುವುದು ಹೆಚ್ಚು ಸಮಂಜಸ.

ಇದೇ ಲೇಖಕನ 2006ರ ‘ಎಂಟರ್ ದ ಕೆಟಲ್‌ಬೆಲ್’ ಈ ದೃಷ್ಟಿಯಿಂದ ಮೇಲಾದ ಕೃತಿ. ಅದರಲ್ಲಿನ ಮುಖ್ಯ ಕಾರ್ಯಕ್ರಮದ ವಾರದಲ್ಲಿ ಒಂದು ಭಾರದ ದಿನ, ಒಂದು ಹಗುರ ದಿನ, ಒಂದು ಮಧ್ಯಮ ದಿನ ಬರುತ್ತವೆ. ಒಂದು, ಎರಡು, ಮೂರು ಎಂದು ಏಣಿಯಂತೆ ಏರುವ, ಗುಂಡನ್ನು ತಲೆಯ ಮೇಲಕ್ಕೆತ್ತುವ ಒತ್ತುಗಳು ಕೊನೆಗೆ ಐದು ಮೆಟ್ಟಿಲಿನ ಐದು ಏಣಿಗಳಾಗಿ, ತೋಳಿಗೆ 75ರ ಮೊತ್ತ ಮುಟ್ಟುತ್ತವೆ. ಹಗುರ ದಿನವೆಂಬ ಈ ಕಲ್ಪನೆಯನ್ನು ವಾರದಿಂದ ವರ್ಷಕ್ಕೆ ಹಿಗ್ಗಿಸಿದರೆ ಬಾಗೇವಾಡಿ ಸೀಮೆಗೆ ಹೊಂದುವ ಕಾರ್ಯಕ್ರಮ ದೊರೆಯುತ್ತದೆ. ತೊಗರಿಯ ರಾಶಿ ನಡೆಯುವ ಡಿಸೆಂಬರ್–ಜನವರಿ, ಹಿಂಗಾರಿ ಜೋಳದ ಸುಗ್ಗಿಯ ಫೆಬ್ರುವರಿ–ಮಾರ್ಚ್ ಹಗುರ ತಿಂಗಳುಗಳು. ಹೊಲ ಖಾಲಿ ಬಿದ್ದಿರುವ ಏಪ್ರಿಲ್–ಮೇ ಭಾರದ ತಿಂಗಳುಗಳು, ಬಿಸಿಲು 40 ಡಿಗ್ರಿ ದಾಟುವ ಕಾರಣ ಅಭ್ಯಾಸ ನಸುಕಿನಲ್ಲೇ ಮುಗಿಯಬೇಕೆಂಬ ಷರತ್ತಿನೊಡನೆ.

ಹೀಗೆ ನೋಡಿದಾಗ ಸಂಕ್ರಾಂತಿಯ ಹೊತ್ತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಭಾರ ಎತ್ತುವ ಸ್ಪರ್ಧೆ, ಒಕ್ಕಲಿಗನ ಮಟ್ಟಿಗೆ ವರ್ಷದ ಅತ್ಯಂತ ಅನನುಕೂಲ ಗಳಿಗೆಯಲ್ಲಿ ಬರುತ್ತದೆ; ಅದಕ್ಕಿಂತ, ಬೇಸಿಗೆಯ ಬಿಡುವು ಮುಗಿದೊಡನೆ ಎದುರಾಗುವ ಕಾರಹುಣ್ಣಿಮೆಯೇ ಅವನು ತನ್ನ ಕಲ್ಲನ್ನೋ ಗುಂಡನ್ನೋ ಪೂರ್ಣ ಬಲದಿಂದ ಎತ್ತಿ ನೋಡತಕ್ಕ ದಿನ.