ಹುಲಿಮುಖದ ಕೋವಿ

ಮಲೆನಾಡಿನ ದೇವರಮನೆ ಕಡೆಯ ಕಾಫಿ ತೋಟವೊಂದರ ಶೆಡ್ಡಿನಲ್ಲಿ, ಪಲ್ಪರ್ ಪಕ್ಕದ ಪುಟ್ಟ ಲೇತಿನಲ್ಲಿ, ಗೆಳೆಯರೊಬ್ಬರು ಟಿಪ್ಪು ಕಾಲದ ಚಕಮಕಿ ಕೋವಿಯ ಮಾದರಿ ಮಾಡಲು ಹೊರಟಿದ್ದಾರೆ. ಸಿಡಿಯುವ ಕೋವಿಯಲ್ಲ, ನಳಿಗೆ ತೂತಿಲ್ಲದ ಗಟ್ಟಿ ಸರಳು. ಅವರ ಜೀವವೆಲ್ಲ ಕುದುರೆಯ ಮೇಲೆ, ಅಂದರೆ ಚಕಮಕಿ ಕಲ್ಲನ್ನು ಕಚ್ಚಿ ಹಿಡಿದು ಬಡಿಯುವ ಭಾಗದ ಮೇಲೆ. 1799ಕ್ಕೂ ಮುಂಚೆ ಶ್ರೀರಂಗಪಟ್ಟಣದ ಕುಶಲಿಗರು ಕೆಲವು ಕೋವಿಗಳಲ್ಲಿ ಅದನ್ನೇ ಹುಲಿಯಾಗಿ ಕಡೆದಿದ್ದರು. ಹುಲಿ ಕಚ್ಚಿದ ಕಲ್ಲು ಉಕ್ಕಿನ ಪಟ್ಟಿಗೆ ಕೆರೆದು, ಕಿಡಿ ಸರಿಯಾಗಿ ಕೆಳಗಿನ ಬಟ್ಟಲಿನ ಮದ್ದಿಗೇ ಉದುರಬೇಕು. ಎಂಥ ಕಣ್ಣಳತೆ! ಅಲಂಕಾರ ಒಂದಿಷ್ಟೂ ಕೆಲಸಕ್ಕೆ ಅಡ್ಡಬಂದಿಲ್ಲ. ನಳಿಗೆಯ ಮೇಲೆ ಹುಲಿಪಟ್ಟೆ, ಟಿಪ್ಪು ತಂದ ಮೌಲೂದಿ ಶಕೆಯ ವರ್ಷ. ಗೆಳೆಯರ ಲೇತು ದುಂಡಗಿನದನ್ನು ತಿರುವಿಕೊಟ್ಟೀತು. ಹುಲಿಯ ದವಡೆಗೆ ಮಾತ್ರ ಅರವೇ ಗತಿ. ಸದ್ಯಕ್ಕೆ ರಟ್ಟಿನ ಹುಲಿಯೊಂದು ತಯಾರಾಗಿದೆ. ಕಿವಿ ಕೊಂಚ ದೊಡ್ಡದಾಯಿತೆಂದು ಅವರಿಗೆ ಅಸಮಾಧಾನ. ನನಗಂತೂ ಆ ಕಿವಿಯೇ ಇಷ್ಟ.